ಉಪ್ಪಿಗೆ ಬೀಗ ಹಾಕಿದ ಬೇಸಿಗೆ

ಮೊನ್ನೆ ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಆಟೋ ಇಳಿದು ಚಿಲ್ಲರೆಗಾಗಿ ಜೇಬು ತಡಕುತ್ತಿದ್ದೆ. ಪಕ್ಕದಲ್ಲೇ ಒಂದು ತಳ್ಳುಬಂಡಿಯ ಮೇಲೆ ಕಮಲಾಪುರದ ಕೆಂಪು ಬಾಳೆಹಣ್ಣು ರಾಶಿ ಬಿದ್ದಿತ್ತು. ಬಿಸಿಲಿಗೆ ಚೆನ್ನಾಗಿ ಕಳಿತ ಹಣ್ಣು. ಅದರ ದಟ್ಟ ಸಿಹಿ ವಾಸನೆ ಮೂಗಿಗೆ ಬಂತು. ಊರಿಗೆ ಊರೇ ಬಾಯಿ ಚಪ್ಪರಿಸಿ ತಿನ್ನುವ ಹಣ್ಣದು. ನಾನು ಮಾತ್ರ ಬಂಡಿಯಿಂದ ದೂರ ಸರಿದು ಇನ್ನೊಂದು ಮಗ್ಗುಲಿಗೆ ಹೋಗಿ ನಿಂತೆ.

ಆ ವಾಸನೆಗೆ ನನಗೆ ನೆನಪಾಗುವುದು ಒಂದೇ ಬೇಸಿಗೆ. ಆ ಬೇಸಿಗೆಯಲ್ಲಿ ನಮ್ಮ ಸೊಸೆ ಭಾಗ್ಯಾ ಸಾವಿನ ಬಾಗಿಲ ತನಕ ಹೋಗಿದ್ದಳು. ಕದ್ದುಮುಚ್ಚಿ ಹೋದದ್ದಲ್ಲ, ಮನೆಮಂದಿಯೆಲ್ಲ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಾಗಲೇ ಹೋದಳು. ಎಲ್ಲರಿಗಿಂತ ಹೆಚ್ಚು ಕಣ್ಣು ಬಿಟ್ಟು ನೋಡುತ್ತಿದ್ದವನು ನಾನು. ನಾನು ನೋಡುತ್ತಿದ್ದದ್ದು ಕಳ್ಳತನವನ್ನು.

ನೋಡುವುದೇ ನನ್ನ ಕಸುಬಾಗಿತ್ತು ಅನ್ನಿ. ನಂದೂರಿನ ಒಂದು ದಾಲ್ ಮಿಲ್ಲಿನಲ್ಲಿ ತೊಗರಿ ಖರೀದಿಯ ಕೆಲಸ ಮಾಡಿ ನಿವೃತ್ತನಾದವನು ನಾನು. ಚೀಲದ ಬಾಯಿಯಲ್ಲಿ ಒಣಗಿದ ಕಾಳು ಹಾಕಿ, ತಳದಲ್ಲಿ ನೀರು ಹೊಡೆದ ಕಾಳು ತುಂಬಿ ತೂಕ ಏರಿಸುವವರು ಇರುತ್ತಾರೆ. ಅಂಥವರ ನಗುಮುಖ ನೋಡಿ ನಂಬಿದರೆ ಮಿಲ್ಲಿಗೆ ಬೀಗ. ನಾನು ಚೀಲದ ಹೊಟ್ಟೆಗೆ ಕೊಳವೆ ಚುಚ್ಚಿ ಒಳಗಿನ ಕಾಳು ತೆಗೆದು, ಹಲ್ಲಿನಲ್ಲಿ ಕಡಿದು, ಶಬ್ದ ಕೇಳಿ ಹಸಿ ಎಷ್ಟಿದೆ ಅಂತ ಹೇಳುತ್ತಿದ್ದೆ. ಮಾತು ಸಿಹಿಯಾದಷ್ಟೂ ಕೊಳವೆಯನ್ನು ಆಳಕ್ಕೆ ಇಳಿಸುತ್ತಿದ್ದೆ. ಸಂಶಯದಿಂದಲೇ ಅನ್ನ ಉಂಡವನಿಗೆ, ನಿವೃತ್ತನಾದ ಮರುದಿನ ಅದನ್ನು ಬಿಡು ಅಂದರೆ ಹೇಗೆ ಬಿಟ್ಟಾನು?

ಐವಾನ್-ಎ-ಶಾಹಿ ಬಡಾವಣೆಯ ಒಂದು ಓಣಿಯಲ್ಲಿ ನಮ್ಮ ಮನೆ. ಮನೆಯಲ್ಲಿ ನಾಲ್ಕೇ ಜನ. ನಾನು, ನನ್ನ ಹೆಂಡತಿ ಶಾಂತಾಬಾಯಿ, ಮಗ ಮಲ್ಲಿಕಾರ್ಜುನ, ಸೊಸೆ ಭಾಗ್ಯಾ. ಮಗ ಕಮಲಾಪುರದ ಒಂದು ಶಾಲೆಯಲ್ಲಿ ಮಾಸ್ತರ. ದಿನಾ ಬಸ್ಸಿನಲ್ಲಿ ಹೋಗಿಬರುತ್ತಾನೆ. ಭಾಗ್ಯಾಳ ತವರೂ ಕಮಲಾಪುರವೇ. ತಂದೆ ಇಲ್ಲದ ಹುಡುಗಿ. ತಾಯಿ ಸಿದ್ದಮ್ಮ ಒಬ್ಬಳೇ ಬಾಳೆತೋಟ ನಡೆಸಿ ಬೆಳೆಸಿದ್ದಳು. ಮದುವೆಯಾಗಿ ಆಗ ಇನ್ನೂ ವರ್ಷ ತುಂಬಿರಲಿಲ್ಲ.

ನಮ್ಮ ಮನೆಯಲ್ಲಿ ಒಂದು ವಿಚಿತ್ರ ಕಾಯಿದೆ ಇತ್ತು. ನನಗೆ ಬಿ.ಪಿ. ಇದೆ, ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದರು. ಕಡಿಮೆ ಅನ್ನುವುದು ಶಾಂತಾಬಾಯಿಗೆ ತಿಳಿಯುವ ಮಾತಲ್ಲ. ಅವಳಿಗೆ ಇದೆ ಮತ್ತು ಇಲ್ಲ, ಎರಡೇ ಗೊತ್ತು. ನನ್ನೆದುರು ಉಳಿದವರು ರುಚಿಯಾಗಿ ಉಂಡರೆ ನನಗೆ ಆಸೆಯಾಗುತ್ತದೆ ಅಂತ ಇಡೀ ಮನೆಯ ಅಡುಗೆಯಿಂದಲೇ ಉಪ್ಪನ್ನು ಓಡಿಸಿಬಿಟ್ಟಳು. ಬೇಳೆ ಸಪ್ಪೆ, ಪುಂಡಿಪಲ್ಯ ಸಪ್ಪೆ, ಶೇಂಗಾ ಹಿಂಡಿಯೂ ಸಪ್ಪೆ. ಮಗನಿಗೆ ತೊಂದರೆ ಇರಲಿಲ್ಲ. ಅವನು ಮಧ್ಯಾಹ್ನ ಶಾಲೆಯ ಹತ್ತಿರ ಖಾನಾವಳಿಯಲ್ಲಿ ಉಣ್ಣುತ್ತಿದ್ದ. ಶಾಂತಾಬಾಯಿ ಅದನ್ನೊಂದು ವ್ರತ ಅಂದುಕೊಂಡಿದ್ದಳು. ಹೊಸ ಸೊಸೆಯನ್ನು ಯಾರೂ ಕೇಳಲಿಲ್ಲ, ಅವಳೂ ಏನೂ ಹೇಳಲಿಲ್ಲ. ಬಂದವರಿಗೆ, ಅವರಿಗಾಗಿ ಹಾಕುವ ಉಪ್ಪಿನಕಾಯಿ ಹಪ್ಪಳಕ್ಕೆ, ದೃಷ್ಟಿ ತೆಗೆಯುವುದಕ್ಕೆ ಅಂತ ಅಡುಗೆಮನೆಯ ಮೇಲಿನ ಅಟ್ಟಣಿಗೆಯಲ್ಲಿ ಒಂದು ಭರಣಿ ಉಪ್ಪು ಮಾತ್ರ ಇರುತ್ತಿತ್ತು.

ಶಿವರಾತ್ರಿ ಕಳೆದು ಬಿಸಿಲು ಹದಕ್ಕೆ ಬರುವ ಹೊತ್ತಿಗೆ ಆ ಭರಣಿ ಬರಿದಾಗತೊಡಗಿತು.

ಶಾಂತಾಬಾಯಿ ಮೊದಲು ಹೊಸ ಪಾಕೀಟು ತಂದು ಸುರಿದಳು. ಅದೂ ಇಳಿಯಿತು. ಆಮೇಲೆ ನಾನು ಉಣ್ಣುವಾಗ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ನನ್ನ ಕೈಯನ್ನೇ ನೋಡುವುದಕ್ಕೆ ಶುರುಮಾಡಿದಳು. ಒಂದು ದಿನ ನಾನು ಜಳಕಕ್ಕೆ ಹೋದಾಗ ನನ್ನ ಅಂಗಿಯ ಜೇಬು ಹುಡುಕಿದ್ದಾಳೆ! ಮೂವತ್ತು ಚಿಲ್ಲರೆ ವರ್ಷ ಊರ ಜನರ ಚೀಲ ಹುಡುಕಿದವನ ಜೇಬು.

“ಖರೆ ಹೇಳ್ರಿ, ನಾ ಸಿಟ್ಟ ಮಾಡಂಗಿಲ್ಲ,” ಅಂದಳು ಕಡೆಗೆ. “ಆಸೆ ಆಗ್ತದ, ಮನಶಾ ಅಂದ ಮ್ಯಾಲ ಆಗ್ತದ. ಆದ್ರ ಕದ್ದು ತಿನ್ನಬ್ಯಾಡ್ರಿ. ನಿಮಗ ಏನರೆ ಆದ್ರ ನಾ ಯಾರ ಮಾರಿ ನೋಡ್ಲಿ?”

ನನ್ನ ಮೈಯೆಲ್ಲ ಉರಿಯಿತು. ಆ ಹೊತ್ತಿಗೆ ನಿಜವಾಗಿಯೂ ಬಿ.ಪಿ. ಏರಿರಬೇಕು. ತಿಂದಿದ್ದರೆ ಹೌದು ತಿಂದೆ ಅನ್ನುತ್ತಿದ್ದೆ, ತಿನ್ನದೆ ಬೈಸಿಕೊಳ್ಳುವುದು ಯಾವ ನ್ಯಾಯ? ಆಣೆ ಮಾಡಿದರೂ ಅವಳು ನಂಬಲಿಲ್ಲ. ಫೋನಿನಲ್ಲಿ ತನ್ನ ತಂಗಿಗೆ ಹೇಳಿ ಅತ್ತಳು. ತಂಗಿ ನನಗೆ ಫೋನು ಮಾಡಿ ಬುದ್ಧಿ ಹೇಳಿದಳು. ಈ ವಯಸ್ಸಿನಲ್ಲಿ ಉಪ್ಪುಕಳ್ಳ ಅನ್ನಿಸಿಕೊಂಡೆನಲ್ಲ ಅಂತ ನನಗೆ ಆದ ಅವಮಾನ ಅಷ್ಟಿಷ್ಟಲ್ಲ. ಅವತ್ತೇ ನಿರ್ಧಾರ ಮಾಡಿದೆ, ನಿಜವಾದ ಕಳ್ಳರನ್ನು ಹಿಡಿದು ಇವಳ ಮುಂದೆ ನಿಲ್ಲಿಸದಿದ್ದರೆ ನಾನು ನಂದೂರಿನಲ್ಲಿ ಕೆಲಸ ಮಾಡಿದವನೇ ಅಲ್ಲ.

ಮನೆಯಲ್ಲಿ ಹಗಲು ಇರುವವರು ಮೂರು ಜನ. ಶಾಂತಾಬಾಯಿ ಕದಿಯುವವಳಲ್ಲ, ನಾನು ಕದ್ದಿಲ್ಲ. ಉಳಿದವಳು ಒಬ್ಬಳು.

ನೋಡತೊಡಗಿದ ಮೇಲೆ ಒಂದೊಂದಾಗಿ ಕಾಣಿಸಿತು. ಹುಡುಗಿ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಮಧ್ಯಾಹ್ನ ಆಗುತ್ತಿದ್ದಂತೆ ಬರೀ ನೆಲದ ಮೇಲೆ ಉರುಳಿಕೊಳ್ಳುತ್ತಿದ್ದಳು. ಮದುವೆಯಲ್ಲಿ ತುಂಬಿಕೊಂಡಿದ್ದ ಕೈ ಸೊರಗಿ ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಬಸುರಿ ಇರಬೇಕು ಅಂತ ಶಾಂತಾಬಾಯಿ ಒಳಗೊಳಗೇ ಹಿಗ್ಗಿದಳು. ಪರೀಕ್ಷೆ ಮಾಡಿಸಿದರೆ ಅದೂ ಇಲ್ಲ. ಹಿಗ್ಗು ಇಳಿದ ಮೇಲೆ ಅವಳಿಗೂ ಸಂಶಯ ಹತ್ತಿತು.

ಇನ್ನೊಂದು, ಹುಡುಗಿ ದಿನದಿಂದ ದಿನಕ್ಕೆ ಕಪ್ಪಾಗುತ್ತಿದ್ದಳು. ಕಲಬುರಗಿಯ ಬಿಸಿಲಿಗೆ ಕಪ್ಪಾಗದವರು ಯಾರು ಅಂತ ನೀವು ಕೇಳಬಹುದು. ಆದರೆ ಇವಳು ಹೊಸ್ತಿಲು ದಾಟುತ್ತಿರಲಿಲ್ಲ. ಹೆಣ್ಣು ತೋರಿಸುವಾಗ ಏನೋ ಹಚ್ಚಿ ಬೆಳ್ಳಗೆ ಮಾಡಿ ಕೂಡಿಸಿದ್ದರು, ಈಗ ನಿಜ ಬಣ್ಣ ಹೊರಬರುತ್ತಿದೆ ಅಂದಳು ಶಾಂತಾಬಾಯಿ. ಬೀಗರು ಚೀಲದ ಬಾಯಿಯಲ್ಲಿ ಒಳ್ಳೆ ಕಾಳು ಹಾಕಿದರೇನು ಅಂತ ನನಗೂ ಅನ್ನಿಸಿತು. ಒಂದು ದಿನ ಚಹಾ ಕೊಡುವಾಗ ಅವಳ ಅಂಗೈ ಕಂಡಿತು. ಗೆರೆಗಳೆಲ್ಲ ಮಸಿ ಕೂತ ಹಾಗೆ ಕಪ್ಪು. ಗೆಣ್ಣುಗಳೂ ಕಪ್ಪು. ಬಿಸಿಲು ಅಂಗೈಯ ಗೆರೆಯೊಳಗೆ ಹೊಕ್ಕು ಸುಡುತ್ತದೆಯೇ? ಏನು ಮುಟ್ಟುತ್ತಾಳೆ, ಏನು ಅರೆಯುತ್ತಾಳೆ ಈ ಹುಡುಗಿ ಅಂತ ಅನ್ನಿಸಿತು.

ಎಲ್ಲಕ್ಕಿಂತ ದೊಡ್ಡ ಸಂಶಯ ಬಾಳೆಹಣ್ಣಿನದು. ಮಗಳು ಸೊರಗಿದ್ದಾಳೆ ಅಂತ ಸಿದ್ದಮ್ಮ ಅಳಿಯನ ಕೈಯಲ್ಲಿ ವಾರವಾರವೂ ಬುಟ್ಟಿ ತುಂಬ ಕೆಂಪು ಬಾಳೆಹಣ್ಣು ಕಳಿಸುತ್ತಿದ್ದಳು. ತನ್ನ ಮನೆಯ ತೋಟದ ಹಣ್ಣು, ತಾಯಿ ಕೈಯಾರೆ ಕೊಯ್ದದ್ದು. ಈ ಹುಡುಗಿ ಅದನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ಕಮಲಾಪುರದಲ್ಲಿ ಹುಟ್ಟಿ ಬೆಳೆದವಳು ಕೆಂಪು ಬಾಳೆಹಣ್ಣು ಒಲ್ಲೆ ಅಂದರೆ ಯಾರಾದರೂ ನಂಬುತ್ತಾರೆಯೇ?

ಅವಳು ಉಣ್ಣುವಾಗ ನಾನು ಎದುರು ಬಾಗಿಲಲ್ಲಿ ಪೇಪರು ಹಿಡಿದು ಕೂಡತೊಡಗಿದೆ. ಪೇಪರಿನ ಅಂಚಿನಿಂದ ಅವಳ ತಾಟು, ಅವಳ ಕೈ, ಅವಳ ಮುಖ. ಸೆರಗಿನಿಂದ ಉಪ್ಪು ತೆಗೆಯುತ್ತಾಳೇನು ಅಂತ ಕಾಯುತ್ತಿದ್ದೆ. ಅವಳು ನಾಲ್ಕು ತುತ್ತು ಉಂಡು, ನನ್ನ ಕಡೆ ಒಮ್ಮೆ ನೋಡಿ, ತಾಟು ಎತ್ತಿಕೊಂಡು ಏಳುತ್ತಿದ್ದಳು. ಎಷ್ಟೋ ಸಲ ಬಚ್ಚಲ ಕಡೆಯಿಂದ ವಾಂತಿ ಮಾಡುವ ಸದ್ದು ಕೇಳುತ್ತಿತ್ತು.

ಕಡೆಗೂ ಸಿಕ್ಕಿಬಿದ್ದಳು. ಯುಗಾದಿ ಆದಮೇಲಿನ ಒಂದು ಮಧ್ಯಾಹ್ನ. ಶಾಂತಾಬಾಯಿ ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದಳು. ನಾನು ನೀರು ಕುಡಿಯಲು ಅಂತ ಸದ್ದಿಲ್ಲದೆ ಅಡುಗೆಮನೆಯ ಹತ್ತಿರ ಹೋದೆ. ಭಾಗ್ಯಾ ಮಣೆಯ ಮೇಲೆ ನಿಂತು, ಭರಣಿಯಿಂದ ಅಂಗೈ ತುಂಬ ಉಪ್ಪು ಸುರಿದುಕೊಂಡು, ಸಣ್ಣ ಹುಡುಗರು ಸಕ್ಕರೆ ನೆಕ್ಕುವ ಹಾಗೆ ನೆಕ್ಕುತ್ತಿದ್ದಳು. ಕಣ್ಣು ಮುಚ್ಚಿದ್ದಳು. ಮುಖದಲ್ಲಿ ಒಂದು ಬಗೆಯ ನೆಮ್ಮದಿ ಇತ್ತು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು. ಹಿಂದೆ ಸರಿದುಬಿಟ್ಟೆ.

ಶಾಂತಾಬಾಯಿಗೆ ಹೇಳಿದೆ. ನಾನು ಕಳ್ಳನಲ್ಲ ಅಂತ ಸಾಬೀತಾಯಿತಲ್ಲ, ಅದರ ಸಮಾಧಾನವೇ ಸಾಕಾಗಿತ್ತು ನನಗೆ. ಅವಳು ಮಾತ್ರ ಬಾಯಿ ಮೇಲೆ ಕೈ ಇಟ್ಟುಕೊಂಡು ಕೂತಳು. ಅಮಾವಾಸ್ಯೆಗೆ ದೃಷ್ಟಿ ತೆಗೆಯಲು ಇಟ್ಟ ಹರಳುಪ್ಪೂ ಮಾಯವಾಗಿತ್ತಂತೆ. ಕಪ್ಪು ಅಂಗೈ, ಮನೆಯ ಉಪ್ಪು, ತವರಿನ ಹಣ್ಣು ಒಲ್ಲದ ನಾಲಿಗೆ. ಯಾರೋ ಏನೋ ಮಾಡಿಸಿದ್ದಾರೆ ಅನ್ನುವುದು ಅವಳ ತೀರ್ಮಾನ. ಇವಳಿಗೆ ಮಾಡಿಸಿದ್ದಾರೋ, ಇವಳೇ ನಮಗೆ ಮಾಡಿಸುತ್ತಿದ್ದಾಳೋ, ಅದೊಂದು ಬಗೆಹರಿಯಲಿಲ್ಲ. ಮಗನಿಗೆ ಹೇಳಿದರೆ ಅವನು ನಕ್ಕ. ಉಪ್ಪು ಸುರಿದುಕೊಂಡು ತಿಂದರೆ ಅವಳಿಗೂ ಅಪ್ಪನ ಹಾಗೆ ಬಿ.ಪಿ. ಬರುತ್ತದೆ, ಅಷ್ಟೇ, ಇಡುವುದನ್ನು ಒಳಗೆ ಇಡು ಅಂದ. ಶಾಂತಾಬಾಯಿ ಉಪ್ಪಿನ ಭರಣಿ, ಉಪ್ಪಿನಕಾಯಿ, ಹಪ್ಪಳ ಎಲ್ಲವನ್ನೂ ಒಯ್ದು ತನ್ನ ಸೀರೆಯ ಅಲಮಾರಿಯಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಗಿಸಿಕೊಂಡಳು. ಬಂಗಾರಕ್ಕೂ ಅವಳು ಅಷ್ಟು ಬಂದೋಬಸ್ತು ಮಾಡಿದವಳಲ್ಲ.

ಬೀಗ ಬಿದ್ದದ್ದಕ್ಕೂ ಬಿಸಿಲು ಏರಿದ್ದಕ್ಕೂ ಸರಿಹೋಯಿತು. ಆ ವರ್ಷದ ಬಿಸಿಲು ಏನು ಹೇಳಲಿ! ಬೆಳಿಗ್ಗೆ ಒಂಬತ್ತಕ್ಕೇ ಓಣಿ ಖಾಲಿ. ನಳದ ನೀರು ಕೈ ಸುಡುತ್ತಿತ್ತು. ಫ್ಯಾನು ಹಾಕಿದರೆ ಒಲೆಯ ಮುಂದೆ ಕೂತ ಹಾಗೆ ಬಿಸಿ ಗಾಳಿ ಸುರಿಯುತ್ತಿತ್ತು. ಭಾಗ್ಯಾ ಬೆವರಿ ಬೆವರಿ ನೀರು ಕುಡಿಯುತ್ತಿದ್ದಳು, ಕುಡಿದಷ್ಟೂ ಸುಸ್ತಾಗುತ್ತಿದ್ದಳು. ಅವಳಿಗೆ ಶಕ್ತಿ ಬರಲಿ ಅಂತ ನಾವು ಕಂಡುಕೊಂಡ ದಾರಿ ಎರಡು. ಬೆಳಿಗ್ಗೆ ಎಳನೀರು, ಸಂಜೆ ಸಿದ್ದಮ್ಮನ ಬಾಳೆಹಣ್ಣು. ಒಲ್ಲೆ ಅಂದರೂ ಶಾಂತಾಬಾಯಿ ಪಕ್ಕದಲ್ಲಿ ಕೂತು ಸುಲಿದು ಸುಲಿದು ಬಾಯಿಗಿಡುತ್ತಿದ್ದಳು. ಸಂಶಯ ಇದ್ದದ್ದು ನಿಜ, ಪ್ರೀತಿ ಇದ್ದದ್ದೂ ನಿಜ. ಸಂಶಯಕ್ಕೆ ಉಪ್ಪು ಕಿತ್ತುಕೊಂಡೆವು, ಪ್ರೀತಿಗೆ ಹಣ್ಣು ತಿನ್ನಿಸಿದೆವು.

ಒಂದು ಭಾನುವಾರ ತಲೆ ತಿರುಗಿ ಕೂತವಳಿಗೆ ಮಗ ನನ್ನ ಬಿ.ಪಿ. ಮಷಿನ್ನು ಕಟ್ಟಿ ನೋಡಿದ. ಮೇಲಿನ ಅಂಕಿ ಎಂಬತ್ತನ್ನೂ ಮುಟ್ಟಲಿಲ್ಲ. ಇನ್ನೊಮ್ಮೆ ನೋಡಿದ, ಮತ್ತೂ ಇಳಿದಿತ್ತು. ನಾವೆಲ್ಲ ಕೂಡಿ ಸಂಶಯಪಟ್ಟದ್ದು ಯಾರನ್ನು ಗೊತ್ತೇ? ಮಷಿನ್ನನ್ನು. ಸೆಲ್ಲು ಮುಗಿದಿರಬೇಕು ಅಂತ ಅಂಗಡಿಗೆ ಹೋಗಿ ಹೊಸದು ತಂದು ಹಾಕಿದೆವು. ಆ ಹೊತ್ತಿಗೆ ಅವಳು ಮಲಗಿ ನಿದ್ದೆ ಹೋಗಿದ್ದಳು. ಎಬ್ಬಿಸುವುದು ಬೇಡ ಅಂತ ನನ್ನ ಕೈಗೇ ಕಟ್ಟಿ, ಸರಿಯಿದೆ ಅಂತ ಎತ್ತಿಟ್ಟೆವು.

ಎರಡು ದಿನ ಕಳೆದು, ಮಗ ಶಾಲೆಯ ಕೆಲಸ ಅಂತ ಕಮಲಾಪುರಕ್ಕೆ ಹೋಗಿದ್ದಾಗ ಅವಳು ಬಚ್ಚಲ ಬಾಗಿಲಲ್ಲಿ ಬಿದ್ದಳು. ಎತ್ತಿದರೆ ಆ ಉರಿಬಿಸಿಲಿನಲ್ಲೂ ಮೈ ತಣ್ಣಗೆ. ಮಾತಿಗೆ ಮಾತು ಹೊಂದುತ್ತಿರಲಿಲ್ಲ, ಶಾಂತಾಬಾಯಿಯನ್ನು ಅವ್ವಾ ಅಂತ ಕರೆಯುತ್ತಿದ್ದಳು. ಓಣಿಯ ತುದಿಯ ಆಟೋದವನು ನಮಾಜಿಗೆ ಹೊರಟಿದ್ದವನು ಟೋಪಿ ಜೇಬಿಗಿಟ್ಟುಕೊಂಡು ಆಟೋ ತಂದ. ದವಾಖಾನೆಯ ತನಕ ಶಾಂತಾಬಾಯಿ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಊರಿನ ದೇವರನ್ನೆಲ್ಲ ಕರೆದಳು. ಅವಳ ಸೊಂಟದ ಕೀಲಿಗೊಂಚಲು ಆಟೋದ ಕುಲುಕಾಟಕ್ಕೆ ಗಲಗಲ ಅನ್ನುತ್ತಿತ್ತು. ಹುಡುಗಿ ಹೋಗಿಬಿಟ್ಟಳು ಅಂತಲೇ ನಾನು ತಿಳಿದಿದ್ದೆ.

ಮಗನೂ ಸಿದ್ದಮ್ಮನೂ ಕಮಲಾಪುರದಿಂದ ಬಂದು ಸೇರುವ ಹೊತ್ತಿಗೆ ಭಾಗ್ಯಾಳಿಗೆ ಸಲಾಯಿನ್ ಬಾಟಲಿ ಹಚ್ಚಿದ್ದರು, ರಕ್ತದ ಪರೀಕ್ಷೆಯೂ ಬಂದಿತ್ತು. ಸಿದ್ದಮ್ಮ ಮಗಳ ಮುಖ ನೋಡಿದಳು, ಅಂಗೈ ನೋಡಿದಳು, ಆಮೇಲೆ ನಮ್ಮ ಕಡೆ ತಿರುಗಿದಳು. ಇಂಥ ಹೊತ್ತಿನಲ್ಲೂ ಅವಳ ಕೈಯಲ್ಲಿ ಬಾಳೆಹಣ್ಣಿನ ಚೀಲ ಇತ್ತು. ನನ್ನ ಮಗಳಿಗೆ ಏನು ಹಾಕಿದಿರಿ ಅನ್ನುವ ಪ್ರಶ್ನೆ ಅವಳ ಕಣ್ಣಲ್ಲಿ ಎದ್ದು ಕಾಣುತ್ತಿತ್ತು. ಚೀಲಗಳ ಮುಂದೆ ನಿಂತು ಎಷ್ಟೋ ವರ್ಷ ನಾನು ಇಟ್ಟುಕೊಂಡಿದ್ದ ಕಣ್ಣದು, ನನಗೆ ಗುರುತು ಹತ್ತದೆ ಇರುತ್ತದೆಯೇ?

ಒಬ್ಬ ಹಿರಿಯ ಡಾಕ್ಟರಮ್ಮ ಬಂದರು. ಭಾಗ್ಯಾಳ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದರು. ತುಟಿ ಮಡಚಿ ಒಳಗೆ ನೋಡಿದರು, ಅಲ್ಲಿಯೂ ಕಪ್ಪು ಕಲೆಗಳಿದ್ದವು. ಆಮೇಲೆ ರಕ್ತದ ವರದಿ ಇನ್ನೊಮ್ಮೆ ಓದಿ, ನಮ್ಮೆಲ್ಲರನ್ನೂ ಒಟ್ಟಿಗೆ ಕೇಳಿದರು.

“ಈಕಿ ಉಪ್ಪು ಜಾಸ್ತಿ ತಿಂತಿದ್ಲೇನು? ಬರೀ ಉಪ್ಪು?”

ಶಾಂತಾಬಾಯಿಯ ಕೈ ಸೊಂಟದ ಕೀಲಿಯ ಮೇಲೆ ಹೋಯಿತು. ನನಗೆ ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಈ ಡಾಕ್ಟರಮ್ಮನಿಗೆ ನಮ್ಮ ಮನೆಯ ಗುಟ್ಟು ಯಾರು ಹೇಳಿದರು ಅಂತ ಮೊದಲು ಸಂಶಯ ಬಂತು. ಆಮೇಲೆ ಬಾಯಿಬಿಟ್ಟೆ. ಉಪ್ಪು ನೆಕ್ಕಿದ್ದು, ನಾವು ಬೀಗ ಹಾಕಿದ್ದು, ಎಳನೀರು, ಬಾಳೆಹಣ್ಣು, ಒಂದೂ ಬಿಡದೆ ಹೇಳಿದೆ. ಅವರು ಬೈಯಲಿಲ್ಲ. ಇಂಜೆಕ್ಷನ್ ಬರೆದುಕೊಟ್ಟು, ನರ್ಸಿಗೆ ಏನೇನೋ ಹೇಳಿ, ನಮ್ಮನ್ನು ಹೊರಗಿನ ಬೆಂಚಿನ ಮೇಲೆ ಕೂಡಿಸಿ ತಿಳಿಸಿ ಹೇಳಿದರು.

ಅವರು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ಹೊರಗೆ ಬಿಸಿಲು ಎಷ್ಟೇ ಇರಲಿ, ಮೈಯೊಳಗಿನ ಕಾವು ಇದ್ದಲ್ಲೇ ಇರಬೇಕು. ಉಂಡರೂ ಉಪವಾಸ ಬಿದ್ದರೂ ರಕ್ತದೊಳಗಿನ ಸಕ್ಕರೆ, ಉಪ್ಪು, ನೀರು ತಮ್ಮ ತಮ್ಮ ಹದದಲ್ಲೇ ನಿಲ್ಲಬೇಕು. ಅದಕ್ಕಾಗಿ ಒಳಗೆ ಹಗಲೂ ರಾತ್ರಿ ಕಾವಲು ನಡೆದಿರುತ್ತದೆ. ಬೆವರು ಹೋದರೆ ಬಾಯಾರಿಕೆ ಎಬ್ಬಿಸುತ್ತದೆ, ಉಪ್ಪು ಇಳಿದರೆ ಮೂತ್ರದಲ್ಲಿ ಹೋಗುವ ಉಪ್ಪನ್ನು ಹಿಡಿದು ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಗೆ ಹಿಡಿದುಕೋ ಅಂತ ಹುಕುಂ ಕೊಡುವ ಎರಡು ಸಣ್ಣ ಗ್ರಂಥಿಗಳು ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುತ್ತವಂತೆ. ಭಾಗ್ಯಾಳ ಒಳಗೆ ಆ ಎರಡೂ ಬತ್ತಿಹೋಗಿದ್ದವು. ಅವುಗಳನ್ನು ಕೆಲಸಕ್ಕೆ ಎಬ್ಬಿಸಲು ಮಿದುಳು ಕಳಿಸುತ್ತಿದ್ದ ಹುಕುಂ ವಿಪರೀತವಾಗಿ ಚರ್ಮಕ್ಕೂ ಕಪ್ಪು ಏರಿತ್ತು. ಉಪ್ಪು ಸೋರಿಹೋಗುತ್ತಿತ್ತು. ಹೊರಗೆ ಹೋಗಬೇಕಾದ ಪೊಟ್ಯಾಶಿಯಂ ಅನ್ನುವ ಇನ್ನೊಂದು ಲವಣ ಒಳಗೇ ಕೂಡಿಬೀಳುತ್ತಿತ್ತು. ಅದು ಮಿತಿಮೀರಿದರೆ ಎದೆಬಡಿತವೇ ನಿಂತುಹೋಗುತ್ತದಂತೆ.

“ಆ ಪೊಟ್ಯಾಶಿಯಂ ಯಾತರಾಗ ಇರ್ತದ್ರೀ?” ಅಂತ ಮಗ ಕೇಳಿದ.

“ಎಳನೀರಿನಾಗ ಇರ್ತದ, ಬಾಳಿಹಣ್ಣಿನಾಗ ಇರ್ತದ. ನಮಗ ನಿಮಗ ಅದು ಛಲೋನೇ. ಈಕಿಗೆ ಈಗ ವಿಷ ಇದ್ದಂಗ.”

ಸಿದ್ದಮ್ಮ ಮಡಿಲಲ್ಲಿದ್ದ ಚೀಲವನ್ನು ಮೆಲ್ಲಗೆ ಬೆಂಚಿನ ಕೆಳಗೆ ಸರಿಸಿದಳು. ಅವಳ ಕಡೆ ನೋಡಲು ನನಗಾಗಲಿಲ್ಲ. ನಮ್ಮಲ್ಲಿ ಯಾರಿಗೂ ತಿಳಿಯದ್ದನ್ನು ಆ ಹುಡುಗಿಯ ಮೈ ತಿಳಿದುಕೊಂಡು ಉಪ್ಪು ಬೇಕು ಬೇಕು ಅಂತ ಒಂದೇ ಸಮನೆ ಕೂಗುತ್ತಿತ್ತು. ಹಣ್ಣು ಒಲ್ಲೆ ಅಂದದ್ದೂ ಹಾಗೆಯೇ ಇರಬೇಕು ಅಂತ ನನ್ನ ಅನಿಸಿಕೆ, ಡಾಕ್ಟರಮ್ಮ ಅದನ್ನು ಹೇಳಲಿಲ್ಲ.

ಆ ಗ್ರಂಥಿಗಳು ಯಾಕೆ ಬತ್ತಿದವು ಅಂತ ನಾನು ಕೇಳಿದೆ. ಮಾಟ, ಮದ್ದು, ಅಪಥ್ಯ, ಯಾವುದೋ ಒಂದು ಹೆಸರು ಬೇಕಾಗಿತ್ತು ನನಗೆ. ಟಿ.ಬಿ. ಇದ್ದರೂ ಹೀಗಾಗುತ್ತದೆ, ಅದನ್ನೂ ನೋಡಿದ್ದೇವೆ, ಇಲ್ಲ ಅಂದರು ಡಾಕ್ಟರಮ್ಮ. ರೋಗ ತರುವ ಹೊರಗಿನ ಕ್ರಿಮಿಗಳನ್ನು ಹುಡುಕಿ ಕೊಲ್ಲುವ ಕಾವಲು ಮೈಯೊಳಗೇ ಇರುತ್ತದೆ. ಕೆಲವರಲ್ಲಿ, ಯಾಕೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ, ಆ ಕಾವಲಿನವರು ತಮ್ಮದೇ ಮನೆಯ ಆಳನ್ನು ಕಳ್ಳ ಅಂತ ತಿಳಿದು ಹೊಡೆದುಹಾಕುತ್ತಾರೆ. ಇವಳಿಗೆ ಆದದ್ದು ಅದು ಅಂದರು.

ನಾನು ಎದ್ದು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತುಕೊಂಡೆ. ಸಂಶಯಪಡುವುದು ತಪ್ಪು ಅಂತ ನಾನು ಈಗಲೂ ಒಪ್ಪುವುದಿಲ್ಲ. ಕಾಳಿನೊಳಗಿನ ಹಸಿ ಒಂದಿಷ್ಟು ಹೆಚ್ಚಾದರೆ ಸಿಪ್ಪೆ ಬಿಡುವುದಿಲ್ಲ, ಕಡಿಮೆಯಾದರೆ ಬೇಳೆ ನುಚ್ಚಾಗುತ್ತದೆ. ನಾನು ಅನುಮಾನಪಟ್ಟು ನೋಡಿದ್ದಕ್ಕೇ ಮಿಲ್ಲು ನಡೆಯಿತು. ಮೈ ಕೂಡ ಹಾಗೆ ಅನುಮಾನಪಟ್ಟು ನೋಡುತ್ತಿರುವುದಕ್ಕೇ ಮನುಷ್ಯ ಬದುಕಿರುತ್ತಾನೆ. ಆದರೆ ಅವತ್ತು ಆ ಗಿಡದ ಕೆಳಗೆ ನನಗೆ ಬಹಳ ಹೆದರಿಕೆಯಾಗಿತ್ತು.

ಇಂಜೆಕ್ಷನ್ನು ಹತ್ತಿದ ಮೇಲೆ ಹುಡುಗಿ ಚೇತರಿಸಿಕೊಂಡದ್ದು ನೋಡಿದರೆ ಪವಾಡ ಅನ್ನಬೇಕು. ಮರುದಿನವೇ ಎದ್ದು ಕೂತಳು. ಜೀವ ಇರುವ ತನಕ ದಿನಾ ಗುಳಗಿ ನುಂಗಬೇಕು, ಒಂದು ದಿನವೂ ತಪ್ಪಿಸಬಾರದು, ಊಟದಲ್ಲಿ ಉಪ್ಪು ಧಾರಾಳ ಇರಬೇಕು ಅಂತ ಹೇಳಿ ಕಳಿಸಿಕೊಟ್ಟರು. ಅವಳು ನಮ್ಮ ಮನೆಗೆ ಬರಲಿಲ್ಲ. ಸಿದ್ದಮ್ಮ ದವಾಖಾನೆಯ ಬಾಗಿಲಿನಿಂದಲೇ ಮಗಳನ್ನು ಕಮಲಾಪುರಕ್ಕೆ ಕರೆದುಕೊಂಡು ಹೋದಳು. ಮಗ ತಡೆಯಲಿಲ್ಲ. ಶಾಲೆಗೆ ಬೇಸಿಗೆ ರಜೆ ಇದ್ದರೂ ದಿನಾ ಬಸ್ಸಿನಲ್ಲಿ ಅಲ್ಲಿಗೆ ಹೋಗಿ, ಹೊರಗಿನ ಕಟ್ಟೆಯ ಮೇಲೆ ಕೂತು, ನಾಲ್ಕು ಮಾತಾಡಿ ಬರುತ್ತಿದ್ದ. ರೋಗಿಷ್ಟ ಹೆಣ್ಣನ್ನು ಕಟ್ಟಿದರು ಅಂತ ನಮ್ಮ ಕಡೆಯವರು, ಉಪ್ಪೂ ಹಾಕದೆ ಕೊಲ್ಲಲು ನೋಡಿದರು ಅಂತ ಅವರ ಕಡೆಯವರು. ಮಗನ ಸಂಸಾರ ಮುಗಿಯಿತು ಅಂತ ಶಾಂತಾಬಾಯಿ ಅನ್ನ ಬಿಟ್ಟು ಕೂತಳು.

ರೋಹಿಣಿ ಮಳೆಯ ಹೊತ್ತಿಗೆ ನಾವಿಬ್ಬರೂ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆವು. ಕೆಂಪು ಮಣ್ಣು ಹಸಿಯಾಗಿತ್ತು. ಭಾಗ್ಯಾ ಅಂಗಳದಲ್ಲಿ ಮೊರ ಹಿಡಿದು ಕೂತಿದ್ದಳು, ಕೈ ತುಂಬಿಕೊಂಡಿತ್ತು. ನಮ್ಮನ್ನು ನೋಡಿ ಎದ್ದು ನೀರು ಕೊಟ್ಟಳು. ಮನೆಗೆ ಬಾ ತಾಯಿ, ಉಪ್ಪಿನ ಭರಣಿ ನಿನ್ನ ಕೈಯಲ್ಲೇ ಇರುತ್ತದೆ ಅಂದಳು ಶಾಂತಾಬಾಯಿ. ಭಾಗ್ಯಾ ಮತ್ತೆ ಮೊರದ ಮುಂದೆ ಕೂತಳು. ಆಮೇಲೆ ಹೇಳಿದ್ದು ನನಗೆ.

“ಮಾಮಾ, ನಾ ಉಣ್ಣೂವಾಗ ನೀವು ಪೇಪರ್ ಹಿಡಕೊಂಡು ನನ್ನ ಮಾರೀನೇ ನೋಡ್ತಿದ್ರಿ. ಉಂಡ ಮ್ಯಾಲ ವಾಂತಿ ಆಗ್ತಿತ್ತು. ಮೈ ಕರ್ರಗ ಆಗಾಕತ್ತಿತ್ತು. ಊಟದಾಗ ಮದ್ದ ಹಾಕ್ಯಾರ, ಅದು ಯಾವಾಗ ಹತ್ತತದ ಅಂತ ಇವರು ಕಾಯಾಕತ್ತಾರ ಅನ್ಕೊಂಡೆ. ಉಪ್ಪಿನ ಪಾಕೀಟು ಅಂಗಡಿಯಿಂದ ಮುಚ್ಚೇ ಬರ್ತದಲ್ರೀ, ಅತ್ತಿ ನನ್ನ ಮುಂದೇ ಒಡದು ಭರಣಿಗೆ ಹಾಕ್ತಿದ್ರು. ಅದೊಂದು ಬಾಯಾಗ ಹಾಕೊಂಡ್ರ ಜೀವಕ್ಕ ಹಗರ ಅನಸ್ತಿತ್ತು. ಅದಕ್ಕೂ ಕೀಲಿ ಹಾಕಿದ್ರಿ. ಆವತ್ತು ನನಗ ಪಕ್ಕಾ ಆತು.”

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ನಾನು ಕಳ್ಳಿಯನ್ನು ಕಾಯುತ್ತಿದ್ದ ಆ ಬಾಗಿಲಲ್ಲಿ ಅವಳಿಗೆ ಕಂಡದ್ದು ಕೊಲೆಗಾರ. ಬೇರೆಯವರಾಗಿದ್ದರೆ ಏನಾದರೂ ಸಮಾಧಾನ ಹೇಳುತ್ತಿದ್ದರೇನೋ. ನಾನಂತೂ ಅವಳ ಜಾಗದಲ್ಲಿದ್ದಿದ್ದರೆ ಅದನ್ನೇ ಅಂದುಕೊಳ್ಳುತ್ತಿದ್ದೆ. ಹಾಗೇ ಹೇಳಿದೆ ಕೂಡ. ಸಿದ್ದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಮುಂದಿನ ಸೋಮವಾರ ಮಗಳನ್ನು ಕರೆದುಕೊಂಡು ತಾನೇ ಬರುತ್ತೇನೆ, ಒಂದು ಹೊತ್ತು ಉಂಡು ನೋಡುತ್ತೇವೆ, ಅವಳ ಮನಸ್ಸು ಒಪ್ಪದಿದ್ದರೆ ವಾಪಸು ಕರೆದುಕೊಂಡು ಹೋಗುತ್ತೇನೆ ಅಂದಳು.

ಬಂದರು. ಶಾಂತಾಬಾಯಿ ಬೆಳಗಿನಿಂದ ಒಲೆಯ ಮುಂದೆ ಇದ್ದಳು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಬೇಳೆ. ಉಪ್ಪು ಹಾಕಿದ ಅಡುಗೆ ಒಂದು ಕಡೆ, ನನ್ನ ಸಪ್ಪೆ ಅಡುಗೆ ಇನ್ನೊಂದು ಕಡೆ. ಎಲ್ಲರೂ ಸಾಲಾಗಿ ಕೂತೆವು. ಭಾಗ್ಯಾ ನನ್ನ ಮಗ್ಗುಲಿಗೇ ಕೂತಳು. ತಾಟು ಬಂತು. ಅವಳ ಕೈ ಮೇಲೇಳಲಿಲ್ಲ. ಉಣ್ಣಬೇಕು ಅಂತ ಅವಳಿಗಿತ್ತು, ಅದು ಕಾಣುತ್ತಿತ್ತು. ಕೈ ಮಾತ್ರ ಮಡಿಲಲ್ಲೇ ಉಳಿಯಿತು. ಮಗ ತಲೆ ತಗ್ಗಿಸಿದ. ಸಿದ್ದಮ್ಮ ಏಳುವುದಕ್ಕೆ ನೆಲಕ್ಕೆ ಕೈ ಊರಿದಳು.

ನಾನು ಭಾಗ್ಯಾಳ ತಾಟನ್ನು ನನ್ನ ಕಡೆ ಎಳೆದುಕೊಂಡೆ. ರೊಟ್ಟಿ ಮುರಿದು, ಎಣ್ಣೆಗಾಯಿಯಲ್ಲಿ ಅದ್ದಿ, ಬೇಳೆಯಲ್ಲಿ ಅದ್ದಿ, ಒಂದು ದೊಡ್ಡ ತುತ್ತು ಬಾಯಿಗಿಟ್ಟುಕೊಂಡೆ. ವರ್ಷಗಟ್ಟಲೆ ಆದಮೇಲೆ ನಾಲಿಗೆಗೆ ಉಪ್ಪು ತಾಗಿತು. ಭಾಗ್ಯಾ ನನ್ನ ಮುಖವನ್ನೇ ನೋಡುತ್ತಿದ್ದಳು. ಕಣ್ಣು ಕದಲಿಸದೆ, ಗಂಟಲಲ್ಲಿ ತುತ್ತು ಇಳಿಯುವ ತನಕ ನೋಡಿದಳು. ಇಳಿದ ಮೇಲೂ ತುಸು ಹೊತ್ತು ನೋಡಿದಳು. ನೋಡಲಿ ಅಂತ ನಾನೂ ಮುಖ ತಿರುಗಿಸಲಿಲ್ಲ. ಆಮೇಲೆ ತಾಟನ್ನು ತನ್ನ ಕಡೆ ಎಳೆದುಕೊಂಡು ಉಂಡಳು. ಸಿದ್ದಮ್ಮ ಸಂಜೆಯ ಬಸ್ಸಿಗೆ ಒಬ್ಬಳೇ ಹೋದಳು.

ಅಂದಿನಿಂದ ಅದು ನಮ್ಮ ಮನೆಯ ಪದ್ಧತಿ ಆಯಿತು. ಪ್ರತಿ ಊಟಕ್ಕೂ ಭಾಗ್ಯಾ ತಾಟನ್ನು ನನ್ನ ಕಡೆ ಸರಿಸುವಳು, ನಾನು ಮೊದಲ ತುತ್ತು ತಿನ್ನುವೆನು, ಅವಳು ನೋಡುವಳು. ಶಾಂತಾಬಾಯಿಗೆ ಮಾತ್ರ ಸ್ವಲ್ಪ ದಿನದಲ್ಲೇ ಹೊಸ ಸಂಶಯ ಹುಟ್ಟಿತು. ಇವರು ಈಗ ಉಪ್ಪಿನ ಆಸೆಗೇ ತುತ್ತು ದೊಡ್ಡದು ಮಾಡುತ್ತಿದ್ದಾರೆ ಅಂತ ಮಗನ ಮುಂದೆ ಹೇಳಿದಳಂತೆ. ಅದು ಪೂರ್ತಿ ಸುಳ್ಳು ಅಂತ ನಾನೂ ಹೇಳಲಾರೆ.

ಶ್ರಾವಣದಲ್ಲಿ ಒಂದು ಮಧ್ಯಾಹ್ನ, ಹೊರಗೆ ಜಿಟಿಜಿಟಿ ಮಳೆ. ಊಟಕ್ಕೆ ಕೂತೆವು. ಅಭ್ಯಾಸಬಲದಿಂದ ನಾನು ಭಾಗ್ಯಾಳ ತಾಟಿನ ಕಡೆ ಕೈ ಚಾಚಿದೆ. ಅವಳು ತಾಟು ಸರಿಸಲಿಲ್ಲ. ಆಗಲೇ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಿದ್ದಳು. ನನ್ನ ಕೈ ಗಾಳಿಯಲ್ಲೇ ನಿಂತಿತು.

“ಸಾಕ್ರಿ ಮಾಮಾ,” ಅಂದಳು, ನನ್ನ ಮುಖ ನೋಡದೆ, ಅಗಿಯುತ್ತಲೇ. “ನಿಮ್ಮ ಬಿ.ಪಿ. ಏರತದ.”